ಬಿಸಿಲಿನ ಪಾಲು

ಮೊದಲಿಗೇ ಓದುಗರಲ್ಲಿ ಒಂದು ವಿನಂತಿ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಹೈದರಾಬಾದಿನಲ್ಲಿ ಹುಟ್ಟಿ, ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಮನೆಯಲ್ಲಿ ವಿಜಯಪುರದ ಕಡೆಯ ಕನ್ನಡ ಆಡುತ್ತ ಬೆಳೆದ ನನಗೆ ಬರಹದ ಕನ್ನಡವು ಶಾಲೆಯ ಪುಸ್ತಕಗಳಿಂದ ಬಂದದ್ದು. ಆದ್ದರಿಂದ ಇಲ್ಲಿ ಎಲ್ಲಿಯಾದರೂ ಪದ ಜಾರಿದ್ದರೆ, ವಾಕ್ಯ ತೊಡರಿದ್ದರೆ, ಮೊದಲು ಹೇಳಬೇಕಾದದ್ದು ಕೊನೆಗೆ ಬಿದ್ದಿದ್ದರೆ ದಯವಿಟ್ಟು ಮನ್ನಿಸಬೇಕು. ಇದರಲ್ಲಿ ಇನ್ನೊಂದು ದೋಷವೂ ಇದೆ. ಅದು ಭಾಷೆಯದಲ್ಲವಾದ್ದರಿಂದ ಅದನ್ನು ಮನ್ನಿಸಿರೆಂದು ಕೇಳುವ ಧೈರ್ಯ ನನಗಿಲ್ಲ.

ಕಳೆದ ತಿಂಗಳು ಕಪಾಟನ್ನು ಶುಚಿಗೊಳಿಸುತ್ತಿದ್ದಾಗ ತಳದ ಹಲಗೆಯಲ್ಲಿ ಅಪ್ಪನ ಹಳೆಯ ಧೋತರವೊಂದು ಸಿಕ್ಕಿತು. ಕೊಡವಿ ಬೆಳಕಿಗೆ ಹಿಡಿದೆ. ಅದರ ಉದ್ದಕ್ಕೂ ಸಾಲು ಸಾಲಾಗಿ ಮಸುಕು ಉಂಗುರಗಳಿದ್ದವು, ಎಷ್ಟು ಒಗೆದರೂ ಹೋಗದ ಗಂಜಿಯ ಗುರುತುಗಳು. ನಮ್ಮ ಮನೆಯಲ್ಲಿ ಅಪ್ಪನ ಧೋತರಗಳಿಗೆ ಎರಡು ಜನ್ಮ. ಒಂದು ಜನ್ಮ ಅಪ್ಪನ ಸೊಂಟದ ಮೇಲೆ, ಎರಡನೆಯದು ಮಾಳಿಗೆಯ ಮೇಲೆ, ಅವ್ವನ ಸಂಡಿಗೆಯ ಕೆಳಗೆ.

ನನ್ನ ಅವ್ವ ಮೂವತ್ತು ಬೇಸಿಗೆಗಳ ಕಾಲ ಸಂಡಿಗೆ ಮಾಡಿ ಈ ನಗರದ ಕನ್ನಡಿಗರ ಮನೆಗಳಿಗೆ ಕೊಟ್ಟವಳು. ಅಕ್ಕಿಯನ್ನು ಮೂರು ದಿನ ನೆನೆಸಬೇಕು, ಪ್ರತಿದಿನ ಹಳೆಯ ನೀರು ಚೆಲ್ಲಿ ಹೊಸ ನೀರು ಹಾಕಬೇಕು. "ಮೂರು ನೀರು ಕಾಣದ ಅಕ್ಕಿ ಸಂಡಿಗಿ ಆಗೂದಿಲ್ಲ" ಎನ್ನುವುದು ಅವ್ವನ ಮಾತು. ಆಮೇಲೆ ರುಬ್ಬಿ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಬಿಸಿ ಇರುವಾಗಲೇ ಸೌಟಿನಿಂದ ಧೋತರದ ಮೇಲೆ ಬಿಡಬೇಕು. ಬೆಳಗಿನ ಏಳಕ್ಕೆ ಬಿಟ್ಟರೆ ಸಂಜೆ ನಾಲ್ಕರವರೆಗೆ ಎಡೆಬಿಡದ ಬಿಸಿಲು ಬೇಕು. ಸಂಜೆ ಬಟ್ಟೆಯನ್ನು ತಿರುವಿ ಹಾಕಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ಒಂದೊಂದಾಗಿ ಬಿಡಿಸಿಕೊಂಡು ಬರುತ್ತದೆ. ಮೊದಲ ದಿನದ ಬಿಸಿಲು ತಪ್ಪಿತೋ, ಮರುದಿನ ಬೂಷ್ಟು. ಇಷ್ಟೇ ವಿದ್ಯೆ. ಆದರೆ ನನ್ನ ವಿದ್ಯೆಯೆಲ್ಲ ಈ ವಿದ್ಯೆಯ ಮೇಲೆ ನಿಂತದ್ದು. ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಪ್ಪನ ಸಂಬಳದಿಂದ ಮನೆ ನಡೆಯಿತು, ಅವ್ವನ ಸಂಡಿಗೆಯಿಂದ ನಾನು ಪದವೀಧರೆಯಾದೆ.

ಪರೀಕ್ಷೆಯೂ ಮಾರ್ಚಿನಲ್ಲಿ, ಸಂಡಿಗೆಯೂ ಮಾರ್ಚಿನಲ್ಲಿ. ಹಾಗಾಗಿ ನನ್ನ ಓದೆಲ್ಲ ಮಾಳಿಗೆಯ ಮೇಲೆ ಕಾಗೆ ಕಾಯುತ್ತ ಆಯಿತು. ಒಂದು ಕೈಯಲ್ಲಿ ಸಮಾಜ ವಿಜ್ಞಾನ, ಇನ್ನೊಂದರಲ್ಲಿ ಕರಿಯ ಬಟ್ಟೆ ಕಟ್ಟಿದ ಕೋಲು. ಮಧ್ಯಾಹ್ನದ ಹೊತ್ತಿಗೆ ಅರೆ ಒಣಗಿದ ಸಂಡಿಗೆಯ ಅಂಚು ಗರಿಗರಿ, ನಡು ಮೆತ್ತಗೆ. ಆ ರುಚಿಯ ಮುಂದೆ ಕರಿದ ಸಂಡಿಗೆಯೂ ಸಪ್ಪೆ. ಸಂಜೆ ಅವ್ವ ಸಾಲುಗಳ ನಡುವಿನ ಖಾಲಿ ಜಾಗಗಳನ್ನು ನೋಡಿ ಅಪ್ಪನಿಗೆ ಹೇಳುತ್ತಿದ್ದಳು:

"ಇವತ್ತೂ ಕಾಗಿ ಬಂದಿತ್ತು ನೋಡ್ರಿ. ಆ ಕಾಗಿಗೆ ಎರಡು ಜಡಿ ಅದಾವು."

ನಾನು ನನ್ನ ಎರಡು ಜಡೆಗಳನ್ನು ಹಿಂದಕ್ಕೆ ಎಸೆದು ನದಿಗಳ ಹೆಸರುಗಳನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ.

ಹೊಟ್ಟೆಕಿಚ್ಚು ನನಗೆ ಚಿಕ್ಕಂದಿನಿಂದಲೂ ಇರುವ ಅಭ್ಯಾಸ, ಕೆಲವರಿಗೆ ಉಗುರು ಕಚ್ಚುವುದಿದ್ದಂತೆ. ಅಯಸ್ಕಾಂತದ ಮುಚ್ಚಳವಿದ್ದ ಪೆನ್ಸಿಲ್ ಡಬ್ಬಿಯ ಹುಡುಗಿಯ ಮೇಲೆ ಆರಂಭವಾದದ್ದು ತಾರ್ನಾಕದ ಕಾಲೇಜಿನಲ್ಲಿ ಓದುವ ಹೊತ್ತಿಗೆ ಪೂರ್ಣ ರೂಪ ಪಡೆಯಿತು. ಅಲ್ಲಿ ನನ್ನ ಗೆಳತಿಯರು "ನಮ್ಮ ತಂದೆಯವರ ಅಭಿಪ್ರಾಯದಲ್ಲಿ" ಎಂದು ಮಾತು ಆರಂಭಿಸುತ್ತಿದ್ದರು. ನನ್ನ ಅಪ್ಪನಿಗೂ ಅಭಿಪ್ರಾಯಗಳಿದ್ದವು, ಆದರೆ ಅವು ಬಾಯ್ಲರಿನ ಒತ್ತಡ ಮತ್ತು ಬದನೆಕಾಯಿಯ ಹುಳುಕಿಗೆ ಸಂಬಂಧಿಸಿದವು. ಆ ಗೆಳತಿಯರಲ್ಲಿ ಒಬ್ಬಳ ಮನೆಗೆ ಪ್ರತಿ ಬೇಸಿಗೆ ಅವ್ವನ ಸಂಡಿಗೆ ಹೋಗುತ್ತಿತ್ತು. ಅದನ್ನು ಒಯ್ಯುವವಳು ನಾನು. ಚೀಲದಲ್ಲಿ ಏನಿದೆಯೆಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಗ್ರಂಥಾಲಯದ ಪುಸ್ತಕಗಳೆನ್ನುತ್ತಿದ್ದೆ. ಇಷ್ಟು ಹಗುರ ಚೀಲದಲ್ಲಿ ಅದೆಂಥ ಪುಸ್ತಕ ಎಂದು ಯಾರೂ ಕೇಳಲಿಲ್ಲ. ಹಿಂದೊಮ್ಮೆ ಆ ಮನೆಯ ಅಜ್ಜಿ ಬಾಗಿಲಲ್ಲೇ ಒಳಗಿನವರಿಗೆ ಕೂಗಿ ಹೇಳಿದ್ದರು, "ಸಂಡಿಗಿ ಅವ್ವನ ಮಗಳು ಬಂದಾಳ ನೋಡ್ರಿ." ಆ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ನಾನು ಅಷ್ಟು ಶ್ರದ್ಧೆಯಿಂದ ಓದಿದೆನೇನೋ. ಈಗ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಚೀಲದಲ್ಲಿ ನಿಜವಾಗಿಯೂ ಪುಸ್ತಕಗಳಿರುತ್ತವೆ.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಬೇಕೆಂದಿದ್ದುದು ಮನೆಯ ಮಾತು.

ನಮ್ಮ ಮನೆ ಗಚ್ಚಿಬೌಲಿಯಿಂದ ಇನ್ನೂ ಒಂದಿಷ್ಟು ಆಚೆಗೆ. ಅಪ್ಪ ಇಲ್ಲಿ ಎರಡು ಕೋಣೆ ಕಟ್ಟಿಸಿದಾಗ ಸುತ್ತ ಬಂಡೆಗಳು, ಸೀತಾಫಲದ ಗಿಡಗಳು, ಅವುಗಳ ನಡುವೆ ಮೇಕೆಗಳು. ನೋಡಲು ಬಂದ ನೆಂಟರು "ಹೈದರಾಬಾದಿನ್ಯಾಗ ಮನಿ ಅಂದಿದ್ರಿ, ಹೈದರಾಬಾದ್ ಎಲ್ಲೈತ್ರಿ?" ಎಂದು ನಕ್ಕು ಹೋದರು. ಅಪ್ಪ ತಾಳ್ಮೆಯಿಂದ ಉತ್ತರಿಸಿದ್ದರಂತೆ: "ಬರತೈತಿ." ಅದು ಬಂತು. ಬಂಡೆಗಳನ್ನು ಒಡೆಯುವ ಸದ್ದಿನಲ್ಲಿ ಬಂತು, ಕ್ಯಾಬುಗಳ ಸಾಲಿನಲ್ಲಿ ಬಂತು. ನಮ್ಮ ಓಣಿಯ ಹತ್ತು ಹನ್ನೆರಡು ಗಿಡ್ಡ ಮನೆಗಳನ್ನು ಮುಟ್ಟದೆ, ಅವುಗಳ ಎರಡೂ ಬದಿಗೆ ಎದ್ದು ನಿಂತಿತು. ಮೊದಲು ಪೂರ್ವಕ್ಕೆ ಹನ್ನೆರಡು ಅಂತಸ್ತಿನ ಒಂದು ಅಪಾರ್ಟ್‌ಮೆಂಟು, ಎರಡು ವರ್ಷಗಳ ನಂತರ ಪಶ್ಚಿಮಕ್ಕೆ ಅದರ ಅವಳಿಯಂಥ ಇನ್ನೊಂದು.

ರಸ್ತೆ ಬಂದಿತು, ದೀಪ ಬಂದಿತು, ನಾವೂ ಸಂತೋಷಪಟ್ಟೆವು. ಬಿಸಿಲು ಹೋದದ್ದು ಅವ್ವನಿಗೆ ಮಾತ್ರ ತಿಳಿಯಿತು. ಪೂರ್ವದ ಕಟ್ಟಡದ ನೆರಳು ನಮ್ಮ ಮಾಳಿಗೆಯನ್ನು ಬಿಟ್ಟು ಸರಿಯುವ ಹೊತ್ತಿಗೆ ಹನ್ನೊಂದು ಗಂಟೆ. ಒಂದೂವರೆಗೆ ಪಶ್ಚಿಮದ ನೆರಳು ಗೋಡೆ ಹತ್ತಿ ಬರುತ್ತಿತ್ತು. ಒಂಬತ್ತು ತಾಸಿನ ಬಿಸಿಲಿನಲ್ಲಿ ನಮ್ಮ ಪಾಲಿಗೆ ಉಳಿದದ್ದು ಎರಡೂವರೆ ತಾಸು. ಅವ್ವ ಧೋತರವನ್ನು ಮಾಳಿಗೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆಯುತ್ತ ಬಿಸಿಲಿನ ಹಿಂದೆ ಓಡಾಡುತ್ತಿದ್ದಳು. ಎರಡನೆಯ ಕಟ್ಟಡ ಎದ್ದ ವರ್ಷ ಮೊದಲ ಎರಡು ಸಲ ಹಾಕಿದ ಸಂಡಿಗೆ ಬೂಷ್ಟು ಹಿಡಿದು ದನಗಳ ಪಾಲಾಯಿತು. ತಾರ್ನಾಕದ ಮನೆಗಳಿಗೆಲ್ಲ ಅವ್ವ ಸಂಕ್ರಮಣಕ್ಕೇ ಹೂಂ ಅಂದಾಗಿತ್ತು.

ನಾನು ಮಾಳಿಗೆಯ ಮೇಲೆ ನಿಂತು ಪಶ್ಚಿಮದ ಕಟ್ಟಡದ ಬಾಲ್ಕನಿಗಳನ್ನು ನೋಡುತ್ತಿದ್ದೆ. ನಮಗೆ ಬೇಕಾದ ಬಿಸಿಲೆಲ್ಲ ಅಲ್ಲಿ ಧಾರಾಳವಾಗಿ ಬೀಳುತ್ತಿತ್ತು. ಅವರು ಅದನ್ನು ತಡೆಯಲು ಬಿದಿರಿನ ಪರದೆಗಳನ್ನು ಇಳಿಬಿಟ್ಟಿದ್ದರು. ಹಸಿದವರೆದುರು ಅನ್ನಕ್ಕೆ ಮುಸುರೆ ನೀರು ಹೊಯ್ದ ಹಾಗೆ ನನಗೆ ಅನಿಸುತ್ತಿತ್ತು. ಜನ ಫ್ಲ್ಯಾಟಿನವರ ಕಾರು ಕಂಡು, ಲಿಫ್ಟು ಕಂಡು ಕರುಬುತ್ತಾರೆ. ನಾನು ಬಿಸಿಲಿಗೆ ಕರುಬಿದೆ.

ಆ ಬಾಲ್ಕನಿಗಳಲ್ಲಿ ಒಂದರಿಂದ, ಒಂಬತ್ತನೆಯ ಅಂತಸ್ತಿನಿಂದ, ಪಲ್ಲವಿ ಇಳಿದು ಬಂದಳು. ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ನಿಂತು ಮೇಲೆ ನೋಡುತ್ತ "ಆಂಟೀಜೀ" ಎಂದು ಹಿಂದಿಯಲ್ಲಿ ಏನನ್ನೋ ಕೇಳಲು ಹೊರಟಿದ್ದವಳು ನಡುವೆಯೇ ನಿಲ್ಲಿಸಿದಳು. ಮಾಳಿಗೆಯ ಮೇಲೆ ಅವ್ವ ಕಾಗೆಯನ್ನು ವಿಚಾರಿಸಿಕೊಳ್ಳುತ್ತಿದ್ದಳು.

"ಹೋಗ ಸುಡುಗಾಡ ಕಾಗಿ. ನಿಮ್ಮಪ್ಪನ ಮಾಳಿಗಿ ಏನ ಇದು? ಬಿಸಲ ಇಲ್ಲ ಏನಿಲ್ಲ, ಇದಕ್ಕ ನಾಷ್ಟಾ ಬೇಕಂತ."

"ಕಾಕೂ, ನೀವು ಕನ್ನಡದವ್ರೇನ್ರಿ?" ಎಂದಳು ಪಲ್ಲವಿ. "ನಾವು ಧಾರವಾಡದವ್ರು. ಮ್ಯಾಲಿಂದ ದಿನಾ ನೋಡ್ತೀನ್ರಿ, ಬಿಳೀ ಬಿಳೀ ಸಾಲು. ನಮ್ಮಜ್ಜಿ ಹಾಕ್ತಿದ್ದ ಸಂಡಿಗಿನೇ ಅದ ಅಂತ ಅನಸ್ತು."

ಮದುವೆಯಾಗಿ ನಾಲ್ಕು ವರ್ಷ, ಗಂಡನಿಗೂ ಇವಳಿಗೂ ಗಚ್ಚಿಬೌಲಿಯಲ್ಲೇ ಕೆಲಸ, ಮನೆಯಿಂದಲೇ ಅರ್ಧ ವಾರ. ಅವಳು ಅಂದು ಅವ್ವನ ಜೊತೆ ಮಾಳಿಗೆಯ ಮೇಲೆ ಕೂತು, ಕೇಳದೆಯೇ ಒಂದು ಅರೆ ಒಣಗಿದ ಸಂಡಿಗೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಅವ್ವ ಬೈಯಲಿಲ್ಲ. ಇನ್ನೊಂದನ್ನು ಕಿತ್ತು ಕೊಟ್ಟಳು. ನನಗೆ ಇಡೀ ಬಾಲ್ಯದಲ್ಲಿ ಅವ್ವ ತಾನಾಗಿ ಕಿತ್ತು ಕೊಟ್ಟದ್ದು ನೆನಪಿಲ್ಲ. ನಾನು ಮೆಟ್ಟಿಲಿನ ಬಳಿ ಚಹಾದ ಲೋಟ ಹಿಡಿದು ನಿಂತಿದ್ದೆ.

ಆಮೇಲೆ ಅವಳು ವಾರಕ್ಕೆ ಎರಡು ಮೂರು ಸಲ ಬಂದಳು. ಅವ್ವನ ಕೈಯ ಸೌಟನ್ನು, ಧೋತರದ ಸಾಲುಗಳನ್ನು ಫೋನಿನಲ್ಲಿ ತೆಗೆದು ತನ್ನ ಕಟ್ಟಡದ ಹೆಂಗಸರಿಗೆ ಕಳಿಸಿದಳು. ನಾನು ಚೀಲದಲ್ಲಿ ಮುಚ್ಚಿಟ್ಟುಕೊಂಡು ತಿರುಗಿದ್ದನ್ನು ಅವಳು ಹಿಗ್ಗಿನಿಂದ ಎತ್ತಿ ತೋರಿಸುತ್ತಿದ್ದಳು. ಮೂರನೆಯ ವಾರದಲ್ಲಿ "ಕಾಕೂ" ಹೋಗಿ "ಅವ್ವಾ" ಬಂತು. ಯಾರಿಗೂ ಅದು ವಿಶೇಷವೆನಿಸಲಿಲ್ಲ. ನಮ್ಮ ಕಡೆ ಯಾರು ಯಾರನ್ನು ಬೇಕಾದರೂ ಅವ್ವ ಎನ್ನುತ್ತಾರೆ. ಆದರೂ ಗ್ರಂಥಾಲಯದಿಂದ ಬಂದು ಚಪ್ಪಲಿ ಬಿಡುವಾಗ ಮೇಲಿನಿಂದ "ಅವ್ವಾ, ಇದು ಸಾಕೇನ?" ಎಂಬ ದನಿ ಕೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಬಿಸಿಲಿನ ಸಂಕಟವನ್ನು ಅವ್ವ ಅವಳೆದುರು ತೋಡಿಕೊಂಡಿದ್ದಳು. ಅದು ನನಗೆ ಗೊತ್ತಿರಲಿಲ್ಲ. ನನ್ನೆದುರು ಅವ್ವ ತೋಡಿಕೊಳ್ಳುವುದಿಲ್ಲ. ಮಗಳು ಓದಿದವಳು, ತಿದ್ದುತ್ತಾಳೆ.

ಒಂದು ಸಂಜೆ ಅವ್ವ ಅಪ್ಪನ ಜೊತೆ ದವಾಖಾನೆಗೆ ಹೋಗಿದ್ದಾಗ ಪಲ್ಲವಿ ಬಂದಳು. ತಾನೇ ಒಮ್ಮೆ ಸಂಡಿಗೆ ಮಾಡುವುದಿದೆ, ಹಾಕುವುದನ್ನು ನೋಡಿದ್ದೇನೆ, ನೆನೆಸುವುದನ್ನು ನೋಡಿಲ್ಲ, ಕ್ರಮವನ್ನು ಬರೆದು ಕೊಡಬೇಕು ಎಂದಳು.

"ಸುವರ್ಣಾ ಅವ್ರ, ನಿಮ್ಮ ಅಕ್ಷರ ಭಾಳ ಛಂದ ಅಂತ ಅವ್ವ ಹೇಳ್ಯಾರ್ರಿ. ಆಕಿ ಬರದ್ಲು ಅಂದ್ರ ತಪ್ಪ ಇರೂದಿಲ್ಲ ಅಂತ."

ಇಲ್ಲಿಗೆ ನಾನು ಮೊದಲೇ ಹೇಳಿದ ಆ ದೋಷದ ಜಾಗ ಬಂದಿತು. ಗೆರೆ ಎಳೆದ ಹಾಳೆಯ ಮೇಲೆ ಅಂಕಿ ಹಾಕಿ, ದೀರ್ಘ, ಒತ್ತಕ್ಷರ ಯಾವುದೂ ತಪ್ಪದಂತೆ ಬರೆದೆ. ಅಕ್ಕಿಯ ಅಳತೆ ಬರೆದೆ. ಮೂರು ದಿನ ನೆನೆಸುವುದನ್ನು ಬರೆದೆ. ಪ್ರತಿದಿನ ನೀರು ಬದಲಿಸಬೇಕೆಂಬ ಸಾಲಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಅವಳು ಅಡುಗೆಮನೆಯಲ್ಲಿ ತಾನೇ ಲೋಟ ತೆಗೆದುಕೊಂಡು ಮಡಕೆಯ ನೀರು ಕುಡಿಯುತ್ತಿದ್ದಳು, ಯಾವ ಲೋಟ ಎಲ್ಲಿದೆಯೆಂದು ಕೇಳದೆಯೇ. ನಾನು ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಸುಳ್ಳು ಬರೆದೆನೆಂದು ಯಾರೂ ಹೇಳುವಂತಿರಲಿಲ್ಲ. ಬರೆದದ್ದೆಲ್ಲ ಸರಿಯಾಗಿಯೇ ಇತ್ತು.

ಅವಳ ಸಂಡಿಗೆ ಕೆಡಲಿ, ಅವಳು ಇಳಿದು ಬರುವುದು ಕಡಿಮೆಯಾಗಲಿ ಎಂಬಷ್ಟೇ ನನ್ನ ಆಸೆ. ನನಗೆ ತಿಳಿಯದಿದ್ದ ಸಂಗತಿ ಬೇರೆ. ಪಲ್ಲವಿ ತನ್ನ ಕಟ್ಟಡದ ಅಸೋಸಿಯೇಷನ್ನಿನವರನ್ನು ಒಪ್ಪಿಸಲು ಹೊರಟಿದ್ದಳು. ಹನ್ನೆರಡನೆಯ ಅಂತಸ್ತಿನ ಮೇಲಿನ ಟೆರೇಸು ಖಾಲಿ ಬಿದ್ದಿತ್ತು, ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಬಿಸಿಲು. ಅದರ ಒಂದು ಮೂಲೆಯನ್ನು ಬೇಸಿಗೆಯಲ್ಲಿ ಅವ್ವನಿಗೆ ಬಿಟ್ಟುಕೊಡಬೇಕು ಎಂಬುದು ಅವಳ ಕೋರಿಕೆ. ಸೆಕ್ರೆಟರಿ ಅನುಮಾನಿಸಿದ್ದಕ್ಕೆ, ಒಂದು ದಿನ ನಾವೇ ಹೆಂಗಸರು ಮೇಲೆ ಹಾಕಿ ತೋರಿಸುತ್ತೇವೆ, ಗಲೀಜಾಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅವ್ವನಿಗೆ ಖಚಿತವಾದ ಮೇಲೆಯೇ ಹೇಳೋಣವೆಂದು ಮುಚ್ಚಿಟ್ಟಿದ್ದಳು.

ಮೂರು ದಿನ ಒಂದೇ ನೀರಿನಲ್ಲಿ, ಏಪ್ರಿಲ್ಲಿನ ಸೆಕೆಯಲ್ಲಿ ಕೂತ ಅಕ್ಕಿಯ ವಾಸನೆಯನ್ನು ವರ್ಣಿಸುವ ಪದ ನನ್ನ ಪಠ್ಯಪುಸ್ತಕಗಳಲ್ಲಿರಲಿಲ್ಲ. ರುಬ್ಬಿ ಕುದಿಸಿದಾಗ ಅದು ಒಂಬತ್ತನೆಯ ಅಂತಸ್ತಿನ ಮನೆ ಮನೆಗೂ ಹೊಕ್ಕಿತು. ಪಾತ್ರೆ ಲಿಫ್ಟಿನಲ್ಲಿ ಮೇಲೆ ಹೋಯಿತು, ವಾಸನೆ ಲಿಫ್ಟಿನಲ್ಲಿಯೇ ಉಳಿಯಿತು. ಟೆರೇಸಿನ ಮೇಲೆ ಸೇರಿದ ಹೆಂಗಸರು ಸೆರಗು, ದುಪಟ್ಟಾ ಮೂಗಿಗೆ ಹಿಡಿದು ಒಬ್ಬೊಬ್ಬರಾಗಿ ಇಳಿದರು. ಪಲ್ಲವಿ ಒಬ್ಬಳೇ ಕೂತು ಒಂದು ಧೋತರದಷ್ಟು ಹಾಕಿ, ಒಣಗಿಸಿ, ಸಂಜೆ ಡಬ್ಬಿಯಲ್ಲಿ ನಮ್ಮ ಮನೆಗೆ ತಂದಳು.

ಜೀಡಿಮೆಟ್ಲಾದ ಕಾರ್ಖಾನೆಗಳ ಹೊಗೆಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪನಿಗೆ ವಾಸನೆ ತಿಳಿಯುವುದಿಲ್ಲ. ಒಂದನ್ನು ಬಾಯಲ್ಲಿ ಹಾಕಿಕೊಂಡು "ಉಪ್ಪ ಬರೋಬ್ಬರಿ ಬಿದ್ದೈತಿ" ಎಂದು ಹೊಗಳಿದರು. ಅವ್ವ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಚ್ಚಿದಳು.

"ನೀರ ಬದಲಿ ಮಾಡಿದ್ದೇನ?"

"ನೀರು ಬದಲಿ ಮಾಡ್ಬೇಕಿತ್ತೇನ್ರಿ?" ಎಂದಳು ಪಲ್ಲವಿ. "ವಾಸನಿ ಬಂತ್ರಿ ಎರಡನೇ ದಿನನೇ. ಆದ್ರ ಸುವರ್ಣಾ ಅವ್ರು ಬರದಿದ್ರಲ್ಲ, ಹಂಗ ಇರ್ತದ ಅಂತ ತಿಳಕೊಂಡೆ."

ಆಮೇಲೆ ಟೆರೇಸಿನ ವಿಷಯವನ್ನು ಹೇಳಿದಳು. ಸೆಕ್ರೆಟರಿ ಒಲ್ಲೆನೆಂದಿದ್ದನ್ನೂ ಹೇಳಿದಳು. ತನ್ನಿಂದಲೇ ಕೆಟ್ಟಿತೆಂದು ಅವ್ವನ ಕೈ ಹಿಡಿದು ಎರಡು ಸಲ ಹೇಳಿ, ಡಬ್ಬಿ ಬಿಟ್ಟು ಹೋದಳು. ನಾನು ಅಷ್ಟು ಹೊತ್ತೂ ಗೋಡೆಯ ಮೇಲಿನ ನನ್ನ ಪದವಿ ಪ್ರದಾನದ ಭಾವಚಿತ್ರದ ಕೆಳಗೆ ಕೂತಿದ್ದೆ.

ಅವಳು ಹೋದ ಮೇಲೆ ಅವ್ವ ಕೇಳಿದಳು. "ಮರ್ತಿದ್ದೇನ?"

"ಇಲ್ಲ."

"ಮತ್ತ?"

"ಬಿಟ್ಟೆ."

ಅವ್ವ ಒಲೆಯ ಮೇಲಿನ ಹಾಲು ಇಳಿಸಿ ಬಂದು ಕೂತಳು. "ಬರ್ಯಾಕ ಕಲೀಲಿ ಅಂತ ಸಾಲಿಗೆ ಹಾಕಿದ್ವಿ. ನೀ ಬಿಡಾಕ ಕಲ್ತು ಬಂದಿ." ಆಮೇಲೆ ಇನ್ನೂ ಮೆಲ್ಲಗೆ ಕೇಳಿದಳು. "ಆಕೀ ಮ್ಯಾಲ ಯಾಕ? ಆಕಿ ನಿಂದೇನ ಕಸಕೊಂಡಾಳ?"

ಉತ್ತರ ನನ್ನಲ್ಲಿತ್ತು. ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು ಬಾಯಿಬಿಟ್ಟು ಹೇಳುವಂಥ ಉತ್ತರ ಅದಾಗಿರಲಿಲ್ಲ.

"ಏಳ. ನಡಿ," ಎಂದಳು ಅವ್ವ.

ಆ ಲಿಫ್ಟಿನಲ್ಲಿ ನಾವಿಬ್ಬರೂ ಮೊದಲ ಸಲ ಹತ್ತಿದೆವು. ವಾಸನೆ ಇನ್ನೂ ಇತ್ತು. ಪಲ್ಲವಿಯ ಬಾಗಿಲಲ್ಲಿ ಅವ್ವ ನನ್ನನ್ನು ಮುಂದೆ ನಿಲ್ಲಿಸಿ ತಾನು ಪಕ್ಕಕ್ಕೆ ಸರಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಬರಲಿಲ್ಲ. "ಆ ಸಾಲು ನನಗ ಗೊತ್ತಿತ್ರಿ. ಬೇಕಂತನ ಬರೀಲಿಲ್ಲ," ಎಂದೆ.

ಪಲ್ಲವಿ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋಗಿ ಫ್ರಿಜ್ಜಿಗೆ ಅಂಟಿಸಿದ್ದ ಆ ಹಾಳೆಯನ್ನು ಕಿತ್ತು ತಂದು, ಪೆನ್ನಿನ ಜೊತೆ ನನ್ನ ಮುಂದೆ ಇಟ್ಟಳು.

"ಈಗ ಬರೀರಿ."

ಎರಡನೆಯ ಮತ್ತು ಮೂರನೆಯ ಅಂಶಗಳ ನಡುವೆ ಸರಿಯಾಗಿ ಒಂದು ಸಾಲು ಹಿಡಿಯುವಷ್ಟು ಜಾಗ ಖಾಲಿ ಇತ್ತು. ಹಾಗೆ ಬಿಟ್ಟದ್ದು ನನ್ನ ಅರಿವಿಗೇ ಬಂದಿರಲಿಲ್ಲ. ಬರೆದೆ. ಅವಳು ಓದಿ, ಮಡಚಿ, ಅವ್ವನಿಗೆ ಹೇಳಿದಳು, "ಸೆಕ್ರೆಟರಿ ಕಡೆ ಹೋಗೂಣ ಬರ್ರಿ." ನನಗೆ ಬರ್ರಿ ಎನ್ನಲಿಲ್ಲ. ನಾನು ಹಿಂದೆ ಹೋದೆ.

ಸೆಕ್ರೆಟರಿ ನಿವೃತ್ತ ಎಂಜಿನಿಯರು, ಮೃದು ಸ್ವಭಾವದ ತೆಲುಗಿನವರು. ತಪ್ಪು ನನ್ನದೆಂದು ನಾನು ತೆಲುಗಿನಲ್ಲಿ ವಿವರಿಸಿದೆ. ಅವರು ಕನಿಕರದಿಂದ ತಲೆಯಾಡಿಸಿದರು. "ರೂಲ್ ಅಯಿಪೋಯಿಂದಮ್ಮಾ," ಎಂದರು. ನಿಯಮ ಆಗಿಹೋಗಿತ್ತು. ಟೆರೇಸಿನಲ್ಲಿ ಯಾರೂ ಯಾವ ತಿನ್ನುವ ಪದಾರ್ಥವನ್ನೂ ಒಣಗಿಸಕೂಡದೆಂಬ ಚೀಟಿಯನ್ನು ಆಗಲೇ ಲಿಫ್ಟಿನ ಬಳಿ ಹಚ್ಚಿದ್ದರು. ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕಲ್ಲ ಎಂದು ಕೇಳಿದರು. ನ್ಯಾಯವಾದ ಮಾತು. ಅವ್ವ ಕೈಮುಗಿದು ಎದ್ದಳು.

ಆ ಬೇಸಿಗೆಯ ನಂತರ ಅವ್ವ ಮಾರಲು ಸಂಡಿಗೆ ಮಾಡಲಿಲ್ಲ. ತಾರ್ನಾಕದ ಮನೆಗಳಿಗೆ ನಾನೇ ಹೋಗಿ ಇನ್ನು ಆಗುವುದಿಲ್ಲವೆಂದು ಹೇಳಿ ಬಂದೆ. ನಮ್ಮ ಮನೆ ಈಗ ನನ್ನ ಸಂಬಳ, ಅಪ್ಪನ ಪಿಂಚಣಿಗಳ ಮೇಲೆ ನಡೆಯುತ್ತದೆ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತೇವೆ, ಅಷ್ಟಕ್ಕೆ ಎರಡೂವರೆ ತಾಸಿನ ಬಿಸಿಲು ಸಾಕು. ಬೇಸಿಗೆ ಬಂದರೆ ಅವ್ವ ಬೆಳಿಗ್ಗೆ ಆರೂವರೆಗೆ ಒಂಬತ್ತನೆಯ ಅಂತಸ್ತಿಗೆ ಹೋಗುತ್ತಾಳೆ. ಪಲ್ಲವಿಯ ಬಾಲ್ಕನಿಯಲ್ಲಿ ಬಿದಿರಿನ ಪರದೆಯನ್ನು ಮೇಲಕ್ಕೆ ಸುತ್ತಿ, ಅಲ್ಲಿ ಹಿಡಿಯುವಷ್ಟು ಸಂಡಿಗೆಯನ್ನು ಅವರಿಬ್ಬರೂ ಹಾಕುತ್ತಾರೆ. ಮಧ್ಯಾಹ್ನದ ಊಟವೂ ಅಲ್ಲಿಯೇ ಆಗುತ್ತದೆ. ನಮ್ಮ ಮನೆಯ ವರ್ಷದ ಸಂಡಿಗೆಯನ್ನು ಈಗ ಪಲ್ಲವಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಮೇಲೆ ನನ್ನ ಹೆಸರು ಬರೆದು ಕಳಿಸುತ್ತಾಳೆ. ನಾನು ಡಬ್ಬಿ ತೊಳೆದು ಹಿಂದಿರುಗಿಸುತ್ತೇನೆ.